ಡಿವಿಸಿ, ಡಿಸೈನ್, ಫೋಟೊಗ್ರಫಿ, ಡಿಜಿಟಲ್: ನ್ಯೂಜಿಲೆಂಡಿನ ಪ್ರೌಢಶಾಲೆಯಲ್ಲಿ ಯಾವುದನ್ನು ಆರಿಸಬೇಕು?

ನ್ಯೂಜಿಲೆಂಡಿನ ಶಾಲೆಗಳಲ್ಲಿ ಮೂರನೆಯ ಟರ್ಮ್ ಬಂತೆಂದರೆ ಮುಂದಿನ ವರ್ಷದ ವಿಷಯಗಳನ್ನು ಆರಿಸುವ ಫಾರಂ ಮನೆಗೆ ಬರುತ್ತದೆ. ಆಕ್ಲೆಂಡ್, ವೆಲಿಂಗ್ಟನ್, ಕ್ರೈಸ್ಟ್‌ಚರ್ಚ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಗಣಿತ, ಇಂಗ್ಲಿಷ್, ವಿಜ್ಞಾನಗಳ ಬಗ್ಗೆ ಹೆಚ್ಚು ಚರ್ಚೆ ನಡೆಯುವುದಿಲ್ಲ. ಮಗಳೋ ಮಗನೋ ಉಳಿದ ಒಂದೆರಡು ಖಾಲಿ ಸಾಲುಗಳಲ್ಲಿ ಡಿವಿಸಿ ಎಂದು ಬರೆದಾಗ ಪ್ರಶ್ನೆಗಳು ಏಳುತ್ತವೆ. ಡಿವಿಸಿ ಎಂದರೆ ಡಿಸೈನ್ ಆ್ಯಂಡ್ ವಿಷುಯಲ್ ಕಮ್ಯುನಿಕೇಷನ್, ವಿನ್ಯಾಸ ಮತ್ತು ದೃಶ್ಯ ಸಂವಹನ. ಅದೇ ಫಾರಂನಲ್ಲಿ ವಿಷುಯಲ್ ಆರ್ಟ್ಸ್ ವಿಭಾಗದ ಡಿಸೈನ್ ಬೇರೆ ಇರುತ್ತದೆ, ಫೋಟೊಗ್ರಫಿ ಇರುತ್ತದೆ, ಡಿಜಿಟಲ್ ಟೆಕ್ನಾಲಜೀಸ್ ಇರುತ್ತದೆ. ಇವುಗಳಿಗೆ ಒಂದಕ್ಕೊಂದು ಏನು ವ್ಯತ್ಯಾಸ, ಚಿತ್ರ ಬರೆಯುವ ಆಸೆಯಿರುವ ಮಗುವಿಗೆ ಯಾವುದು ಹೊಂದುತ್ತದೆ, ಇದನ್ನು ತೆಗೆದುಕೊಂಡರೆ ಎಂಜಿನಿಯರಿಂಗ್ ಬಾಗಿಲು ಮುಚ್ಚಿಹೋಗುತ್ತದೆಯೇ ಎಂಬ ಪ್ರಶ್ನೆಗಳನ್ನು ಪೋಷಕರು ಮತ್ತೆ ಮತ್ತೆ ಕೇಳುವುದರಿಂದ ಈ ಬರಹವನ್ನು ಸಿದ್ಧಪಡಿಸಿದ್ದೇನೆ.

ಮೊದಲು ವ್ಯವಸ್ಥೆಯ ಬಗ್ಗೆ ಅಗತ್ಯವಿದ್ದಷ್ಟು ಹೇಳಿಬಿಡುತ್ತೇನೆ. ಪ್ರೌಢಶಾಲೆಯ ಕೊನೆಯ ಮೂರು ವರ್ಷಗಳಾದ ಇಯರ್ 11, 12 ಮತ್ತು 13ರಲ್ಲಿ ಮಕ್ಕಳು ಎನ್‌ಸಿಇಎ ಎಂಬ ಅರ್ಹತಾ ಪತ್ರದ 1, 2 ಮತ್ತು 3ನೆಯ ಹಂತಗಳಿಗಾಗಿ ಓದುತ್ತಾರೆ. ನಾವು ಎಸ್‌ಎಸ್‌ಎಲ್‌ಸಿ, ಪಿಯುಸಿಗಳಲ್ಲಿ ಕಂಡಂತೆ ವಿಷಯಕ್ಕೆ ನೂರು ಅಂಕ ಎಂಬ ಲೆಕ್ಕ ಇಲ್ಲಿಲ್ಲ. ಪ್ರತಿ ವಿಷಯವನ್ನೂ ಹಲವು ಸ್ಟ್ಯಾಂಡರ್ಡ್‌ಗಳಾಗಿ ಬಿಡಿಸಿ, ಒಂದೊಂದಕ್ಕೂ ಇಷ್ಟು ಕ್ರೆಡಿಟ್ ಎಂದು ಗೊತ್ತುಮಾಡಿರುತ್ತಾರೆ. ಕೆಲವನ್ನು ಶಾಲೆಯ ಶಿಕ್ಷಕರೇ ವರ್ಷದ ನಡುವೆ ಮೌಲ್ಯಮಾಪನ ಮಾಡುತ್ತಾರೆ, ಅವು ಇಂಟರ್ನಲ್. ಕೆಲವನ್ನು ಹೊರಗಿನ ಪರೀಕ್ಷಕರು ನೋಡುತ್ತಾರೆ, ಅವು ಎಕ್ಸ್‌ಟರ್ನಲ್. ಫಲಿತಾಂಶ ನಾಟ್ ಅಚೀವ್ಡ್, ಅಚೀವ್ಡ್, ಮೆರಿಟ್, ಎಕ್ಸಲೆನ್ಸ್ ಎಂಬ ನಾಲ್ಕು ದರ್ಜೆಗಳಲ್ಲಿ ಬರುತ್ತದೆ. ವಿಶ್ವವಿದ್ಯಾಲಯಕ್ಕೆ ಅರ್ಹತೆ ಪಡೆಯಲು 3ನೆಯ ಹಂತವನ್ನು ಮುಗಿಸುವುದರ ಜೊತೆಗೆ ಅನುಮೋದಿತ ಪಟ್ಟಿಯಲ್ಲಿರುವ ಮೂರು ವಿಷಯಗಳಲ್ಲಿ ತಲಾ 14 ಕ್ರೆಡಿಟ್ ಗಳಿಸಿರಬೇಕು, ಓದು ಬರಹ ಮತ್ತು ಗಣಿತದ ಕನಿಷ್ಠ ಕ್ರೆಡಿಟ್‌ಗಳೂ ಇರಬೇಕು. ಮೇಲೆ ಹೇಳಿದ ನಾಲ್ಕೂ ವಿಷಯಗಳು ಆ ಪಟ್ಟಿಯಲ್ಲಿವೆ. ಆದ್ದರಿಂದ ಇವುಗಳಲ್ಲಿ ಯಾವುದನ್ನು ಆರಿಸಿದರೂ ಮಗು ವಿಶ್ವವಿದ್ಯಾಲಯದ ದಾರಿಯಿಂದ ಆಚೆ ಹೋಗುವುದಿಲ್ಲ.

ಯಾವ ಅಳತೆಗೋಲಿನಿಂದ ನೋಡಬೇಕು

ನನ್ನ ಮಟ್ಟಿಗೆ ಐದು ವಿಚಾರಗಳು ಮುಖ್ಯವಾಗುತ್ತವೆ. ಮೊದಲನೆಯದು, ಮಗುವಿಗೆ ಯಾವ ಬಗೆಯ ಪ್ರಶ್ನೆ ಹಿಡಿಸುತ್ತದೆ ಎಂಬುದು. ವಸ್ತು ಹೇಗೆ ಕೆಲಸ ಮಾಡಬೇಕು ಎಂದು ಯೋಚಿಸುವ ಮಗು ಬೇರೆ, ಅದನ್ನು ನೋಡಿದವರಿಗೆ ಏನು ಅನ್ನಿಸಬೇಕು ಎಂದು ಯೋಚಿಸುವ ಮಗು ಬೇರೆ. ಎರಡನೆಯದು ಮೌಲ್ಯಮಾಪನದ ರೀತಿ, ಅಂದರೆ ಕ್ರೆಡಿಟ್‌ಗಳು ವರ್ಷದುದ್ದಕ್ಕೂ ಹಂಚಿಕೊಂಡಿವೆಯೇ ಅಥವಾ ಕೊನೆಯಲ್ಲಿ ಒಂದೇ ಕೆಲಸದ ಮೇಲೆ ನಿಂತಿವೆಯೇ ಎಂಬುದು. ಮೂರನೆಯದು ಮುಂದಿನ ಓದಿಗೆ ಆಗುವ ಅನುಕೂಲ. ನಾಲ್ಕನೆಯದು ಸಮಯ, ವಿನ್ಯಾಸದ ಯಾವ ವಿಷಯವೂ ಪುಸ್ತಕದ ಓದಿನಂತೆ ಪರೀಕ್ಷೆಯ ಹಿಂದಿನ ವಾರಗಳಲ್ಲಿ ಕುಳಿತು ಮುಗಿಸುವಂಥದ್ದಲ್ಲ. ಐದನೆಯದು ಖರ್ಚು. ಇವುಗಳಲ್ಲಿ ಮೊದಲನೆಯದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಈ ವಿಷಯಗಳಲ್ಲಿ ಮನಸ್ಸಿಲ್ಲದ ಮಗು ಬುದ್ಧಿವಂತಿಕೆಯೊಂದರಿಂದಲೇ ಮೆರಿಟ್ ಪಡೆಯುವುದು ಬಹಳ ಕಷ್ಟ, ಏಕೆಂದರೆ ಪರೀಕ್ಷಕರು ನೋಡುವುದು ತಿಂಗಳುಗಟ್ಟಲೆ ನಡೆದ ಯೋಚನೆಯ ಜಾಡನ್ನು.

ನಾಲ್ಕು ವಿಷಯಗಳ ನಡುವಿನ ವ್ಯತ್ಯಾಸವನ್ನು ವ್ಯಾಖ್ಯೆಗಳಿಗಿಂತ ಒಂದೇ ಕೆಲಸ ಹೆಚ್ಚು ಚೆನ್ನಾಗಿ ತೋರಿಸುತ್ತದೆ. ಶಾಲೆಯ ಎದುರಿನ ಹಳೆಯ ಬಸ್ ತಂಗುದಾಣವನ್ನು ನಾಲ್ಕೂ ತರಗತಿಗಳಿಗೆ ಕೊಟ್ಟರೆಂದು ಭಾವಿಸೋಣ. ಡಿವಿಸಿಯ ವಿದ್ಯಾರ್ಥಿನಿ ಟೇಪು ಹಿಡಿದು ಹೋಗಿ ಬೆಂಚಿನ ಎತ್ತರವನ್ನು ಅಳೆಯುತ್ತಾಳೆ. ಗಾಲಿಕುರ್ಚಿ ತಿರುಗಲು ಎಷ್ಟು ಜಾಗ ಬೇಕು, ದಕ್ಷಿಣದಿಂದ ಬೀಸುವ ಗಾಳಿಗೆ ಮಳೆಯ ಎರಚಲು ಎಲ್ಲಿಯವರೆಗೆ ಬರುತ್ತದೆ, ವಯಸ್ಸಾದವರು ಏಳುವಾಗ ಯಾವುದನ್ನು ಹಿಡಿದುಕೊಳ್ಳುತ್ತಾರೆ ಎಂದು ಗುರುತು ಹಾಕಿಕೊಂಡು, ಹೊಸ ತಂಗುದಾಣದ ಹತ್ತಾರು ಕಚ್ಚಾ ರೇಖಾಚಿತ್ರಗಳನ್ನು ಬರೆಯುತ್ತಾಳೆ. ವಿಷುಯಲ್ ಆರ್ಟ್ಸ್ ಡಿಸೈನಿನ ವಿದ್ಯಾರ್ಥಿ ಅದೇ ಬಸ್ ಮಾರ್ಗಕ್ಕೆ ಲಾಂಛನ, ಭಿತ್ತಿಪತ್ರ, ಟಿಕೆಟ್ಟು, ದಾರಿ ತೋರಿಸುವ ಫಲಕಗಳ ಒಂದು ಸರಣಿಯನ್ನು ಕಟ್ಟುತ್ತಾನೆ. ಅವನ ತಲೆಯಲ್ಲಿರುವುದು ಅಕ್ಷರ, ಬಣ್ಣ, ಚಿತ್ರ, ವಿನ್ಯಾಸದ ಮನೋಭಾವ. ಫೋಟೊಗ್ರಫಿಯವಳು ಅಲ್ಲಿ ಕಾಯುವವರ ಮುಖ, ಗಾಜಿನ ಮೇಲಿನ ಹನಿ, ಸಂಜೆಯ ಬೆಳಕುಗಳನ್ನು ಹಿಡಿದು ಒಂದು ಚಿತ್ರದಿಂದ ಇನ್ನೊಂದಕ್ಕೆ ಯೋಚನೆಯನ್ನು ಬೆಳೆಸುತ್ತಾಳೆ. ಡಿಜಿಟಲ್ ಟೆಕ್ನಾಲಜೀಸಿನವನು ಬಸ್ಸಿನ ಹೊತ್ತನ್ನು ತೋರಿಸುವ ಜಾಲತಾಣವನ್ನೋ ಆ್ಯಪನ್ನೋ ಮಾಡಿ, ಬಳಕೆದಾರರ ಕೈಯಲ್ಲಿ ಪರೀಕ್ಷಿಸಿ ತಿದ್ದುತ್ತಾನೆ. ನಿಮ್ಮ ಮಗುವಿಗೆ ಈ ನಾಲ್ಕನ್ನೂ ಹೇಳಿ, ಯಾವುದನ್ನು ಮಾಡಲು ಕೈ ತುರಿಸುತ್ತದೆ ಎಂದು ಕೇಳಿ ನೋಡಿ; ಹೆಚ್ಚಿನ ಮಕ್ಕಳು ತಡಮಾಡದೆ ಉತ್ತರಿಸುತ್ತಾರೆ.

ಡಿವಿಸಿ

ಡಿವಿಸಿ ಕಲಾ ವಿಭಾಗದ ವಿಷಯವಲ್ಲ. ಇಲ್ಲಿನ ಪಠ್ಯಕ್ರಮದಲ್ಲಿ ಅದು ತಂತ್ರಜ್ಞಾನ ವಿಭಾಗಕ್ಕೆ ಸೇರಿದೆ, ಮೊದಲು ಗ್ರಾಫಿಕ್ಸ್ ಎಂಬ ಹೆಸರಿನಲ್ಲಿ ಇತ್ತು. ಇದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಕಲಾವಿದರಂತೆ ಚಿತ್ರ ಬರೆಯಲು ಬಾರದ ಮಗು ಡಿವಿಸಿಯಲ್ಲಿ ಎಕ್ಸಲೆನ್ಸ್ ಪಡೆಯಬಹುದು, ಸೊಗಸಾಗಿ ಭಾವಚಿತ್ರ ಬರೆಯುವ ಮಗು ಅಲ್ಲಿ ಬೇಸರಪಡಬಹುದು. ಇಲ್ಲಿ ರೇಖೆ ಇರುವುದು ಯೋಚಿಸುವುದಕ್ಕೆ ಮತ್ತು ಯೋಚಿಸಿದ್ದನ್ನು ಇನ್ನೊಬ್ಬರಿಗೆ ತಪ್ಪಿಲ್ಲದೆ ತಿಳಿಸುವುದಕ್ಕೆ.

ಕೆಲಸ ಎರಡು ಕವಲುಗಳಲ್ಲಿ ಸಾಗುತ್ತದೆ. ಒಂದು ಸ್ಥಳ ವಿನ್ಯಾಸ: ಮನೆ, ಕೋಣೆ, ಉದ್ಯಾನ, ಮಂಟಪ. ಇನ್ನೊಂದು ಉತ್ಪನ್ನ ವಿನ್ಯಾಸ: ದೀಪ, ಕುರ್ಚಿ, ಚೀಲ, ಉಪಕರಣ. 1ನೆಯ ಹಂತದಲ್ಲಿ 2024ರಿಂದ ಜಾರಿಗೆ ಬಂದ ಹೊಸ ವ್ಯವಸ್ಥೆಯ ಪ್ರಕಾರ ಎರಡು ಇಂಟರ್ನಲ್, ಎರಡು ಎಕ್ಸ್‌ಟರ್ನಲ್, ಒಟ್ಟು 20 ಕ್ರೆಡಿಟ್. 2ನೆಯ ಹಂತದಲ್ಲಿ ಸ್ಥಳ ಅಥವಾ ಉತ್ಪನ್ನದ ವಿನ್ಯಾಸವನ್ನು ಬೆಳೆಸುವುದು ತಲಾ 6 ಕ್ರೆಡಿಟ್‌ಗಳ ಇಂಟರ್ನಲ್ ಕೆಲಸ. ಇದರ ಜೊತೆಗೆ ಉಪಕರಣ ಬಳಸಿ ಪರ್ಸ್‌ಪೆಕ್ಟಿವ್ (ದೂರದ್ದು ಚಿಕ್ಕದಾಗಿ ಕಾಣುವಂಥ ಚಿತ್ರ) ಎಳೆಯುವುದು, ತಾಂತ್ರಿಕ ನಕ್ಷೆ ತಯಾರಿಸುವುದು, ಒಂದು ವಿನ್ಯಾಸ ಚಳವಳಿಯ ಲಕ್ಷಣಗಳನ್ನು ಅಭ್ಯಾಸ ಮಾಡಿ ಅದರಿಂದ ತನ್ನದೇ ವಿನ್ಯಾಸವನ್ನು ರೂಪಿಸುವುದು ಮೊದಲಾದ ಚಿಕ್ಕ ಸ್ಟ್ಯಾಂಡರ್ಡ್‌ಗಳಿವೆ. ಚಳವಳಿಯ ಈ ಭಾಗ ನನಗೆ ಬಹಳ ಪ್ರಿಯವಾದುದು. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಶುರುವಾದ ಬೌಹೌಸ್ ಶಾಲೆ ಅನಗತ್ಯ ಅಲಂಕಾರವನ್ನು ಏಕೆ ಬಿಟ್ಟಿತು ಎಂದು ತಿಳಿದುಕೊಂಡ ಹುಡುಗಿಗೆ ಮನೆಯ ಟೀಪಾಯಿಯೂ ಹೊಸದಾಗಿ ಕಾಣಿಸುತ್ತದೆ. ಆರ್ಟ್ ಡೆಕೊ ಆರಿಸಿಕೊಂಡವರಿಗಂತೂ ಪುಸ್ತಕದ ಚಿತ್ರಗಳಿಗೇ ಜೋತುಬೀಳುವ ಅಗತ್ಯವಿಲ್ಲ. 1931ರ ಭೂಕಂಪದಲ್ಲಿ ನೆಲಸಮವಾಗಿ ಮತ್ತೆ ಕಟ್ಟಿಕೊಂಡ ನೇಪಿಯರ್ ಪಟ್ಟಣದ ಬೀದಿಗಳಲ್ಲಿ ಆ ಶೈಲಿಯ ಕಟ್ಟಡಗಳು ಸಾಲಾಗಿ ನಿಂತಿವೆ.

3ನೆಯ ಹಂತದಲ್ಲಿ ಐದು ಸ್ಟ್ಯಾಂಡರ್ಡ್‌ಗಳು. ಸ್ಥಳ ವಿನ್ಯಾಸವನ್ನು ಪೂರ್ಣಗೊಳಿಸುವುದು, ಉತ್ಪನ್ನ ವಿನ್ಯಾಸವನ್ನು ಪೂರ್ಣಗೊಳಿಸುವುದು, ಸಿದ್ಧವಾದ ವಿನ್ಯಾಸವನ್ನು ನೋಡುಗರ ಮುಂದೆ ಪ್ರಸ್ತುತಪಡಿಸುವುದು, ಈ ಮೂರೂ ತಲಾ 6 ಕ್ರೆಡಿಟ್‌ಗಳ ಇಂಟರ್ನಲ್. ಶೋಧನೆಯ ಮೂಲಕ ವಿನ್ಯಾಸದ ಕಲ್ಪನೆಗಳನ್ನು ಹುಟ್ಟಿಸುವುದು 4 ಕ್ರೆಡಿಟ್, ಸಂಕೀರ್ಣ ವಿನ್ಯಾಸಕ್ಕೆ ನಿರ್ಮಾಣದ ನಕ್ಷೆಗಳನ್ನು ತಯಾರಿಸುವುದು 6 ಕ್ರೆಡಿಟ್. ಇವೆರಡೂ ಎಕ್ಸ್‌ಟರ್ನಲ್, ಆದರೆ ಪರೀಕ್ಷಾ ಕೊಠಡಿಯಲ್ಲಿ ಕೂತು ಬರೆಯುವಂಥವಲ್ಲ, ವರ್ಷದ ಕೆಲಸವನ್ನೇ ಪೋರ್ಟ್‌ಫೋಲಿಯೊ ಆಗಿ ಕಳುಹಿಸಬೇಕು. ಇಲ್ಲಿ ಪೋಷಕರು ಒಂದು ಲೆಕ್ಕವನ್ನು ಗಮನಿಸಬೇಕು. ಶಾಲೆ ಸ್ಥಳ ಅಥವಾ ಉತ್ಪನ್ನ ಇವೆರಡರಲ್ಲಿ ಒಂದನ್ನು ಮಾತ್ರ ಮಾಡಿಸಿದರೆ ಇಂಟರ್ನಲ್‌ಗಳಿಂದ ಸಿಗುವುದು 12 ಕ್ರೆಡಿಟ್. ವಿಶ್ವವಿದ್ಯಾಲಯದ ಅರ್ಹತೆಗೆ ಬೇಕಾದದ್ದು 14. ಹೀಗಾಗಿ ಕನಿಷ್ಠ ಒಂದು ಎಕ್ಸ್‌ಟರ್ನಲ್ಲನ್ನು ಕೈಬಿಡುವಂತಿಲ್ಲ. ವಿಷಯದಲ್ಲಿ ಮೆರಿಟ್ ಅಥವಾ ಎಕ್ಸಲೆನ್ಸ್ ಮನ್ನಣೆ ಬೇಕೆನ್ನುವವರಿಗೂ ಆ ದರ್ಜೆಯ 14 ಕ್ರೆಡಿಟ್‌ಗಳಲ್ಲಿ ಕನಿಷ್ಠ 3 ಎಕ್ಸ್‌ಟರ್ನಲ್‌ನಿಂದಲೇ ಬರಬೇಕು.

ಕರ್ನಾಟಕದಲ್ಲಿ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಓದಿ ಬಂದ ಅಪ್ಪ ಅಮ್ಮಂದಿರು ಮಕ್ಕಳ ನಕ್ಷೆಗೆ ನೆರವಾಗಲು ಕೂರುವುದುಂಟು. ಅವರಿಗೆ ಒಂದು ಎಚ್ಚರಿಕೆ. ವಸ್ತುವಿನ ಬೇರೆ ಬೇರೆ ನೋಟಗಳನ್ನು ಹಾಳೆಯ ಮೇಲೆ ಜೋಡಿಸಲು ನಾವು ಕಲಿತ ಕ್ರಮ ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್. ಅದರಲ್ಲಿ ಮುಂಭಾಗದ ನೋಟದ ಕೆಳಗೆ ಮೇಲಿನ ನೋಟ ಬರುತ್ತದೆ, ಎಡಬದಿಯ ನೋಟವನ್ನು ಬಲಗಡೆ ಎಳೆಯುತ್ತೇವೆ. ಇಲ್ಲಿ ಬಳಕೆಯಲ್ಲಿರುವುದು ಥರ್ಡ್ ಆ್ಯಂಗಲ್. ಮೇಲಿನ ನೋಟ ಮೇಲೆಯೇ ಇರುತ್ತದೆ, ಬಲಬದಿಯ ನೋಟ ಬಲಗಡೆಯೇ ಇರುತ್ತದೆ. ಮಗಳು ಸರಿಯಾಗಿ ಎಳೆದ ಹಾಳೆಯನ್ನು ತಪ್ಪೆಂದು ತಿದ್ದಿಸಿಬಿಟ್ಟರೆ, ಅವಳಿಗೆ ಶಿಕ್ಷಕರ ಮಾತೂ ಗೊಂದಲ, ಮನೆಯ ಮಾತೂ ಗೊಂದಲ. ಇದೊಂದನ್ನು ನೆನಪಿಟ್ಟುಕೊಂಡರೆ ಗೆರೆಯ ದಪ್ಪ, ಅಳತೆ ಬರೆಯುವ ಶಿಸ್ತು, ಛೇದನ ನೋಟದ ಕಲ್ಪನೆಗಳಲ್ಲಿ ನಮ್ಮ ಹಳೆಯ ಅಭ್ಯಾಸ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಡಿವಿಸಿಯ ಕೊರತೆಯನ್ನೂ ಹೇಳಬೇಕು. ಇದರಲ್ಲಿ ಕೆಲಸ ಬಹಳ. ಒಂದು ಒಳ್ಳೆಯ ಎ3 ಹಾಳೆಯಲ್ಲಿ ಒಂದೇ ಅಂತಿಮ ಚಿತ್ರ ಇರುವುದಿಲ್ಲ. ತಂಗುದಾಣದ ಚಾವಣಿಯ ಐದಾರು ರೂಪಗಳು, ಅವುಗಳಲ್ಲಿ ಎರಡರ ಮೇಲೆ ಅಡ್ಡಗೆರೆ, ಬದಿಯಲ್ಲಿ ‘ನೀರು ಹಿಂದಕ್ಕೆ ಹರಿಯುತ್ತದೆ, ಹೀಗಾಗದು’ ಎಂಬಂಥ ಟಿಪ್ಪಣಿ, ಮೂಲೆಯಲ್ಲಿ ಒಂದು ಕೀಲಿನ ದೊಡ್ಡದು ಮಾಡಿದ ಚಿತ್ರ ಇರುತ್ತವೆ. ಓರಣವನ್ನೇ ಮೆಚ್ಚುವ ಮಕ್ಕಳು ಕಚ್ಚಾ ಹಾಳೆಗಳನ್ನು ಹರಿದುಹಾಕಿ ಅಂದವಾದದ್ದನ್ನು ಮಾತ್ರ ಸಲ್ಲಿಸುತ್ತಾರೆ. ಆಗ ಪರೀಕ್ಷಕರಿಗೆ ಯೋಚನೆ ಬೆಳೆದ ಬಗೆ ಕಾಣದೆ ದರ್ಜೆ ಕುಸಿಯುತ್ತದೆ. ಯೋಜಿಸಿ ಕೆಲಸ ಮಾಡುವ ಅಭ್ಯಾಸವಿಲ್ಲದ ಮಗುವಿಗೆ ಮೂರನೆಯ ಟರ್ಮ್ ಬಹಳ ಭಾರವಾಗುತ್ತದೆ.

ವಿಷುಯಲ್ ಆರ್ಟ್ಸ್ ಡಿಸೈನ್

1ನೆಯ ಹಂತದಲ್ಲಿ ವಿಷುಯಲ್ ಆರ್ಟ್ಸ್ ಒಂದೇ ವಿಷಯ. 2ನೆಯ ಹಂತದಿಂದ ಅದು ಡಿಸೈನ್, ಪೇಂಟಿಂಗ್, ಫೋಟೊಗ್ರಫಿ, ಪ್ರಿಂಟ್‌ಮೇಕಿಂಗ್, ಶಿಲ್ಪ ಎಂದು ಐದಾಗಿ ಕವಲೊಡೆಯುತ್ತದೆ. ಹೆಸರು ಹತ್ತಿರವಿದ್ದರೂ ಈ ಡಿಸೈನಿಗೂ ಡಿವಿಸಿಗೂ ಸ್ವಭಾವದಲ್ಲಿ ದೂರವಿದೆ. ಪುಸ್ತಕದ ಮುಖಪುಟ, ಪತ್ರಿಕೆಯ ಪುಟ, ಪೊಟ್ಟಣ, ಲಾಂಛನ, ಭಿತ್ತಿಪತ್ರ ಇದರ ಲೋಕ. ಹೆಸರಾಂತ ವಿನ್ಯಾಸಕರ ಕೆಲಸವನ್ನು ಅಭ್ಯಾಸ ಮಾಡಿ, ಅವರ ರೀತಿಯನ್ನು ಅರಗಿಸಿಕೊಂಡು, ತನ್ನ ವಸ್ತುವಿಗೆ ತಕ್ಕಂತೆ ಹೊಸದನ್ನು ಕಟ್ಟಬೇಕು. ಅಕ್ಷರಗಳ ಆಕಾರವನ್ನು ಗಮನಿಸುವ, ಚಾಕೊಲೇಟಿನ ಹೊದಿಕೆಯನ್ನು ಎತ್ತಿಟ್ಟುಕೊಳ್ಳುವ, ಮನೆಯ ಸಮಾರಂಭದ ಆಹ್ವಾನ ಪತ್ರಿಕೆಯಲ್ಲಿ ಅಂಚಿನ ಜಾಗ ಸಾಲದು ಎಂದು ಹೇಳುವ ಮಗು ಇಲ್ಲಿ ಅರಳುತ್ತದೆ.

ಅಪಾಯ ಇರುವುದು ಮೌಲ್ಯಮಾಪನದಲ್ಲಿ. 3ನೆಯ ಹಂತದಲ್ಲಿ ವರ್ಷದ ಕೆಲಸವನ್ನು ಜೋಡಿಸಿದ ಮೂರು ಎ1 ಫಲಕಗಳ ಫೋಲಿಯೊ ಒಂದಕ್ಕೇ 14 ಕ್ರೆಡಿಟ್, ಅದು ಎಕ್ಸ್‌ಟರ್ನಲ್. ಇಂಟರ್ನಲ್‌ಗಳು ತಲಾ 4 ಕ್ರೆಡಿಟ್‌ಗಳವು, ಮೂರನ್ನು ಮಾಡಿದರೂ 12. ಫೋಲಿಯೊ ತೇರ್ಗಡೆಯಾದರೆ ಆ ಒಂದೇ ಕೆಲಸದಿಂದ ವಿಶ್ವವಿದ್ಯಾಲಯಕ್ಕೆ ಬೇಕಾದ 14 ಪೂರ್ಣವಾಗಿ ಬರುತ್ತದೆ. ತೇರ್ಗಡೆಯಾಗದಿದ್ದರೆ ಮೂರು ಇಂಟರ್ನಲ್‌ಗಳಲ್ಲಿ ಎಕ್ಸಲೆನ್ಸ್ ಬಂದಿದ್ದರೂ 14 ತುಂಬದೆ ಆ ವಿಷಯ ವಿಶ್ವವಿದ್ಯಾಲಯದ ಅರ್ಹತೆಯ ಲೆಕ್ಕಕ್ಕೆ ಬರುವುದಿಲ್ಲ. 2ನೆಯ ಹಂತದಲ್ಲಿ ಎರಡು ಫಲಕ, 12 ಕ್ರೆಡಿಟ್. ಆದ್ದರಿಂದ ಸತತವಾಗಿ, ವಾರ ತಪ್ಪದೆ ಕೆಲಸ ಮಾಡುವ ಮಗುವಿಗೆ ಇದು ಒಳ್ಳೆಯ ಆಯ್ಕೆ. ಕೊನೆಗಳಿಗೆಯ ಒತ್ತಡದಲ್ಲಿಯೇ ಕೆಲಸ ಸಾಗುವ ಮಗುವಿಗೆ ಡಿವಿಸಿಯ ಹಂಚಿಕೊಂಡ ಕ್ರೆಡಿಟ್‌ಗಳು ಹೆಚ್ಚು ಸುರಕ್ಷಿತ. 2ನೆಯ ಹಂತದ ಫೋಲಿಯೊವನ್ನು ಮಗು ಹೇಗೆ ಮುಗಿಸಿತು ಎಂಬುದನ್ನು ನೋಡಿ 3ನೆಯ ಹಂತದ ತೀರ್ಮಾನ ಮಾಡುವುದು ವಿವೇಕ.

ಫೋಟೊಗ್ರಫಿ ಮತ್ತು ಡಿಜಿಟಲ್ ಟೆಕ್ನಾಲಜೀಸ್

ಫೋಟೊಗ್ರಫಿಯ ಚೌಕಟ್ಟು ಡಿಸೈನಿನದೇ: ಅದೇ ಫಲಕ, ಅದೇ ಕ್ರೆಡಿಟ್ ಲೆಕ್ಕ, ಅದೇ ಅಪಾಯ. ಇದನ್ನು ಸುಲಭದ ವಿಷಯವೆಂದು ಆರಿಸುವವರಿದ್ದಾರೆ, ಅದು ಸರಿಯಲ್ಲ. ಫೋನಿನಲ್ಲಿ ಚಂದದ ಚಿತ್ರ ತೆಗೆಯುವುದು ಬೇರೆ, ಒಂದೇ ವಸ್ತುವನ್ನು ಹಿಡಿದು ತಿಂಗಳುಗಟ್ಟಲೆ ಚಿತ್ರದಿಂದ ಚಿತ್ರಕ್ಕೆ ಅರ್ಥವನ್ನು ಬೆಳೆಸುವುದು ಬೇರೆ. ಪತ್ರಿಕೋದ್ಯಮ, ಸಿನಿಮಾ, ಲಲಿತಕಲೆಯತ್ತ ಹೊರಟ ಮಗುವಿಗೆ ಇದು ಸೂಕ್ತ. ವಾಸ್ತುಶಿಲ್ಪ ಅಥವಾ ಉತ್ಪನ್ನ ವಿನ್ಯಾಸ ಬೇಕೆನ್ನುವ ಮಗುವಿಗೆ ಇದರಿಂದ ಸಿಗುವ ನೆರವು ಕಡಿಮೆ.

ಡಿಜಿಟಲ್ ಟೆಕ್ನಾಲಜೀಸಿನಲ್ಲಿ ಪ್ರೋಗ್ರಾಮಿಂಗ್, ಡೇಟಾಬೇಸ್, ಡಿಜಿಟಲ್ ಮಾಧ್ಯಮ ಎಂದು ಹಲವು ಸ್ಟ್ಯಾಂಡರ್ಡ್‌ಗಳಿವೆ. ಯಾವುದನ್ನು ಕಲಿಸುವುದೆಂದು ಶಾಲೆಯೇ ಆರಿಸಿಕೊಳ್ಳುತ್ತದೆ. ಹೀಗಾಗಿ ಒಂದು ಶಾಲೆಯಲ್ಲಿ ಈ ವಿಷಯ ಹೆಚ್ಚುಕಡಿಮೆ ಕಂಪ್ಯೂಟರ್ ಸೈನ್ಸ್ ಆಗಿರುತ್ತದೆ, ಪಕ್ಕದ ಶಾಲೆಯಲ್ಲಿ ಜಾಲತಾಣ ಮತ್ತು ಅನಿಮೇಷನ್ ವಿನ್ಯಾಸವಾಗಿರುತ್ತದೆ. ಹೆಸರು ನೋಡಿ ನಿರ್ಧರಿಸಬೇಡಿ. ಆ್ಯಪ್ ಮತ್ತು ಜಾಲತಾಣಗಳ ಬಳಕೆದಾರ ವಿನ್ಯಾಸದಲ್ಲಿ ಆಸಕ್ತಿಯಿರುವ ಮಗುವಿಗೆ, ಡಿಜಿಟಲ್ ಮಾಧ್ಯಮಕ್ಕೆ ಒತ್ತು ಕೊಡುವ ಶಾಲೆಯಲ್ಲಿ, ಇದು ಡಿವಿಸಿಗಿಂತಲೂ ನೇರವಾದ ದಾರಿ. ಆದರೆ ಕೈಯಿಂದ ರೇಖಿಸಿ ಯೋಚಿಸುವ ಅಭ್ಯಾಸ ಇದರಲ್ಲಿ ಬೆಳೆಯುವುದು ಕಡಿಮೆ, ಆ ಅಭ್ಯಾಸ ಪರದೆಯ ವಿನ್ಯಾಸಕ್ಕೂ ಬೇಕಾದದ್ದೇ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಫಿಸಿಕ್ಸ್, ಕ್ಯಾಲ್ಕ್ಯುಲಸ್ ಬಿಡಬೇಕೇ?

ನಮ್ಮವರ ಮನೆಗಳಲ್ಲಿ ನಿಜವಾದ ಆತಂಕ ಇರುವುದು ಇಲ್ಲಿ. ವಿನ್ಯಾಸದ ವಿಷಯ ತೆಗೆದುಕೊಂಡರೆ ವಿಜ್ಞಾನ ಬಿಟ್ಟಂತೆ ಎಂಬ ಭಾವನೆ ಊರಿನ ಪಿಯುಸಿ ವಿಭಾಗಗಳ ನೆನಪಿನಿಂದ ಬಂದದ್ದು. ಇಲ್ಲಿ ವಿಜ್ಞಾನ, ವಾಣಿಜ್ಯ, ಕಲೆ ಎಂಬ ಗೋಡೆಗಳಿಲ್ಲ. ಕ್ಯಾಲ್ಕ್ಯುಲಸ್, ಫಿಸಿಕ್ಸ್, ಇಂಗ್ಲಿಷ್, ಡಿವಿಸಿ ಮತ್ತು ಇನ್ನೊಂದು ವಿಷಯ ಎಂಬ ಜೋಡಣೆ ಇಯರ್ 13ರಲ್ಲಿ ಸಂಪೂರ್ಣ ಸಾಧ್ಯ, ಶಾಲೆಯ ವೇಳಾಪಟ್ಟಿಯಲ್ಲಿ ಎರಡು ವಿಷಯಗಳು ಒಂದೇ ಹೊತ್ತಿಗೆ ಬೀಳದಿದ್ದರೆ ಸಾಕು. ಎಂಜಿನಿಯರಿಂಗ್‌ಗೆ ಹೋಗುವವರಿಗೆ ಕ್ಯಾಲ್ಕ್ಯುಲಸ್ ಮತ್ತು ಫಿಸಿಕ್ಸ್ ಬಹುಮಟ್ಟಿಗೆ ಕಡ್ಡಾಯ. ಅವುಗಳ ಜೊತೆ ಡಿವಿಸಿ ಇದ್ದರೆ ಮೆಕ್ಯಾನಿಕಲ್, ಸಿವಿಲ್ ಓದುವ ಮಗುವಿಗೆ ಮೊದಲ ವರ್ಷದ ನಕ್ಷೆ ಮತ್ತು ಸಿಎಡಿ (ಕಂಪ್ಯೂಟರಿನಲ್ಲಿ ನಕ್ಷೆ ಎಳೆಯುವುದು) ಅಪರಿಚಿತವೆನಿಸುವುದಿಲ್ಲ.

ವಾಸ್ತುಶಿಲ್ಪದ ದಾರಿ ಇಲ್ಲಿ ಮೂರು ವರ್ಷದ ಪದವಿ, ಅದರ ಮೇಲೆ ಎರಡು ವರ್ಷದ ಸ್ನಾತಕೋತ್ತರ ಪದವಿ ಎಂಬ ಕ್ರಮದಲ್ಲಿ ಸಾಗುತ್ತದೆ; ಆಕ್ಲೆಂಡ್ ವಿಶ್ವವಿದ್ಯಾಲಯ, ವೆಲಿಂಗ್ಟನ್‌ನ ವಿಕ್ಟೋರಿಯ ವಿಶ್ವವಿದ್ಯಾಲಯ, ಯೂನಿಟೆಕ್ ಈ ಓದಿಗೆ ಬಹುಕಾಲದಿಂದ ಹೆಸರಾದ ಕಡೆಗಳು. ವಿನ್ಯಾಸದ ಪದವಿಗೆ ವೆಲಿಂಗ್ಟನ್‌ನಲ್ಲಿರುವ ಮ್ಯಾಸಿ ವಿಶ್ವವಿದ್ಯಾಲಯದ ಕಲಾ ಕಾಲೇಜು, ಆಕ್ಲೆಂಡಿನ ತಂತ್ರಜ್ಞಾನ ವಿಶ್ವವಿದ್ಯಾಲಯವಾದ ಎಯುಟಿ, ಉತ್ಪನ್ನ ವಿನ್ಯಾಸಕ್ಕೆ ಕ್ಯಾಂಟರ್ಬರಿ, ಭೂದೃಶ್ಯ ವಾಸ್ತುಶಿಲ್ಪಕ್ಕೆ ಲಿಂಕನ್ ಇವೆ. ಇವುಗಳಲ್ಲಿ ಯಾವುದಕ್ಕೇ ಆಗಲಿ, ಡಿವಿಸಿ ಓದದವರನ್ನು ಸೇರಿಸುವುದೇ ಇಲ್ಲವೆಂದು ಹೆದರಬೇಕಾಗಿಲ್ಲ. ಆದರೆ ಎರಡು ಮೂರು ವರ್ಷ ಡಿವಿಸಿ ಮಾಡಿದ ಮಗು ಮೊದಲ ಸ್ಟುಡಿಯೋ ತರಗತಿಗೆ ಹೋಗುವಾಗ ತನ್ನ ಯೋಚನೆಯನ್ನು ಹಾಳೆಯ ಮೇಲೆ ಇಡಲು ಹಿಂಜರಿಯುವುದಿಲ್ಲ, ಟೀಕೆ ಕೇಳಿ ತಿದ್ದಿಕೊಳ್ಳುವುದನ್ನೂ ಕಲಿತಿರುತ್ತದೆ.

ಡಿವಿಸಿ, ವಿಷುಯಲ್ ಆರ್ಟ್ಸ್ ಡಿಸೈನ್ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದೇ ಎಂದು ಕೇಳುವವರಿಗೆ: ತೆಗೆದುಕೊಳ್ಳಬಹುದು, ಆದರೆ ಎರಡರ ಅಂತಿಮ ಸಲ್ಲಿಕೆಯೂ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರಗಳ ಸುತ್ತಮುತ್ತಲೇ ಬೀಳುತ್ತದೆ, ಅದೇ ಹೊತ್ತಿಗೆ ಉಳಿದ ವಿಷಯಗಳ ಪರೀಕ್ಷೆಯ ತಯಾರಿಯೂ ಇರುತ್ತದೆ. ಕ್ಯಾಲ್ಕ್ಯುಲಸ್, ಫಿಸಿಕ್ಸ್ ಎರಡೂ ಇದ್ದು ಮೇಲೆ ಎರಡು ಫೋಲಿಯೊಗಳನ್ನು ಹೇರುವುದನ್ನು ನಾನು ಒಪ್ಪುವುದಿಲ್ಲ. ವಿನ್ಯಾಸವೇ ಜೀವನದ ದಾರಿ ಎಂದು ಗಟ್ಟಿಮಾಡಿಕೊಂಡ, ಭಾರವಾದ ವಿಜ್ಞಾನ ವಿಷಯಗಳಿಲ್ಲದ ಮಗುವಿಗೆ ಮಾತ್ರ ಈ ಜೋಡಿ ಸರಿ. ಅಂಥ ಮಗುವಿಗೆ ಇದು ಬಹಳ ಸೊಗಸಾದ ಜೋಡಿಯೂ ಹೌದು, ಒಂದರ ಶಿಸ್ತು ಇನ್ನೊಂದರ ಸ್ವಾತಂತ್ರ್ಯಕ್ಕೆ ಬಲ ಕೊಡುತ್ತದೆ.

ಊರಿಗೆ ಮರಳುವ ಯೋಚನೆ ಇದ್ದರೆ

ಪದವಿಯನ್ನು ಭಾರತದಲ್ಲಿ ಓದಿಸುವ ಯೋಚನೆಯಿರುವ ಕುಟುಂಬಗಳು ಇಯರ್ 12ರ ಆಯ್ಕೆಯನ್ನು ಇನ್ನೂ ಎಚ್ಚರದಿಂದ ಮಾಡಬೇಕು. ಕರ್ನಾಟಕದಲ್ಲಾಗಲಿ ಬೇರೆ ರಾಜ್ಯದಲ್ಲಾಗಲಿ ಐದು ವರ್ಷದ ಬಿ.ಆರ್ಕ್ ಪದವಿಗೆ 12ನೆಯ ತರಗತಿಯ ಮಟ್ಟದಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿರಬೇಕು, ನಾಟಾ ಎಂಬ ವಾಸ್ತುಶಿಲ್ಪ ಪ್ರವೇಶ ಪರೀಕ್ಷೆಯನ್ನೋ ಜೆಇಇಯ ವಾಸ್ತುಶಿಲ್ಪ ಪತ್ರಿಕೆಯನ್ನೋ ಬರೆದಿರಬೇಕು. ಎನ್‌ಸಿಇಎ ವಿದ್ಯಾರ್ಥಿಗೆ ಇದರ ಅರ್ಥ, ಡಿವಿಸಿಯಲ್ಲಿ ಎಷ್ಟೇ ಎಕ್ಸಲೆನ್ಸ್ ಇದ್ದರೂ 3ನೆಯ ಹಂತದ ಫಿಸಿಕ್ಸ್ ಮತ್ತು ಕ್ಯಾಲ್ಕ್ಯುಲಸ್ ಬಿಡುವಂತಿಲ್ಲ. ಬಿ.ಡಿಸೈನ್ ಪದವಿಗಳ ವಿಚಾರ ಬೇರೆ: ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪ್ರವೇಶ ಪರೀಕ್ಷೆಯನ್ನೂ, ಐಐಟಿಗಳ ವಿನ್ಯಾಸ ಪದವಿಗಾಗಿ ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆಯನ್ನೂ ಯಾವ ವಿಭಾಗದಲ್ಲಿ ಓದಿದವರೂ ಬರೆಯಬಹುದು. ಇವುಗಳಲ್ಲಿ ಕೈಯಿಂದ ಚಿತ್ರ ಬರೆದು ಯೋಚನೆಯನ್ನು ತೋರಿಸುವ ಭಾಗ ಇರುವುದರಿಂದ ಡಿವಿಸಿಯ ಅಭ್ಯಾಸ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಎರಡೂ ದಾರಿಗಳಿಗೆ ಎನ್‌ಸಿಇಎಯ ಸಮಾನತೆಯ ಪತ್ರವನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘದಿಂದ ಪಡೆಯುವ ವಿಚಾರವನ್ನು ಒಂದು ವರ್ಷ ಮೊದಲೇ ಶುರುಮಾಡಿಕೊಳ್ಳಿ.

ಖರ್ಚಿನ ಮಾತು

ಸಲಕರಣೆಯ ಮಟ್ಟಿಗೆ ಡಿವಿಸಿ ದುಬಾರಿಯಲ್ಲ. ಒಂದು ಜೊತೆ ಸೆಟ್ ಸ್ಕ್ವೇರ್, ಕೈವಾರ, ಒಳ್ಳೆಯ ಪೆನ್ಸಿಲ್ಲುಗಳು, ಎರಡು ಮೂರು ದಪ್ಪದ ಕಪ್ಪು ಫೈನ್‌ಲೈನರ್, ಎ3 ಹಾಳೆ, ಹಾಳೆ ಮಡಚದಂತೆ ಒಯ್ಯಲು ಒಂದು ಫೋಲ್ಡರ್ ಇದ್ದರೆ ಕೆಲಸ ಸಾಗುತ್ತದೆ. ಡ್ರಾಯಿಂಗ್ ಬೋರ್ಡ್ ಶಾಲೆಯಲ್ಲಿರುತ್ತದೆ. ಬಣ್ಣದ ಮಾರ್ಕರ್‌ಗಳ ದೊಡ್ಡ ಪೆಟ್ಟಿಗೆಯನ್ನು ವರ್ಷದ ಮೊದಲಲ್ಲೇ ಕೊಳ್ಳಬೇಡಿ, ಬೂದು ಬಣ್ಣದ ಮೂರು ನಾಲ್ಕು ಛಾಯೆಗಳಿಂದಲೇ ಆಕಾರ ಮತ್ತು ವಸ್ತುವಿನ ಗುಣವನ್ನು ತೋರಿಸಬಹುದು. ನಿಜವಾದ ವೆಚ್ಚ ಲ್ಯಾಪ್‌ಟಾಪಿನದು. ಸ್ಕೆಚ್‌ಅಪ್‌ನ ಜಾಲ ಆವೃತ್ತಿ, ಆನ್‌ಶೇಪ್ ಮುಂತಾದ ಮೂರು ಆಯಾಮದ ವಿನ್ಯಾಸದ ತಂತ್ರಾಂಶಗಳು ಬ್ರೌಸರಿನಲ್ಲಿಯೇ ನಡೆಯುವುದರಿಂದ ಸಾಮಾನ್ಯ ಕ್ರೋಮ್‌ಬುಕ್ಕಿನಲ್ಲೂ ಆಗುತ್ತವೆ. ರೆವಿಟ್‌ನಂಥ ಕಟ್ಟಡ ವಿನ್ಯಾಸದ ತಂತ್ರಾಂಶ ಬೇಕಾದರೆ ಅದಕ್ಕೆ ಬಲವಾದ ವಿಂಡೋಸ್ ಯಂತ್ರವೇ ಆಗಬೇಕು. ಶಾಲೆ ಯಾವುದನ್ನು ಬಳಸುತ್ತದೆ ಎಂದು ಕೇಳದೆ ದೊಡ್ಡ ಮೊತ್ತದ ಲ್ಯಾಪ್‌ಟಾಪ್ ಕೊಳ್ಳಬಾರದು.

ವಿಷುಯಲ್ ಆರ್ಟ್ಸ್ ಡಿಸೈನಿನಲ್ಲಿ ಅಡೋಬಿ ತಂತ್ರಾಂಶ ಮತ್ತು ಮುದ್ರಣದ ಖರ್ಚು ಬರುತ್ತದೆ. ಶಾಲೆಯ ಪರವಾನಗಿ ಮನೆಯ ಯಂತ್ರದಲ್ಲೂ ನಡೆಯುತ್ತದೆಯೇ ಎಂದು ವಿಚಾರಿಸಿ, ಇಲ್ಲವಾದರೆ ಅಭ್ಯಾಸಕ್ಕೆ ಉಚಿತವಾದ ಇಂಕ್‌ಸ್ಕೇಪ್ ಇದೆ. ಫೋಟೊಗ್ರಫಿಯಲ್ಲಿ ಕ್ಯಾಮೆರಾ ಎರವಲು ಸಿಗುವ ಶಾಲೆಯಾದರೆ ಹೊರೆ ಕಡಿಮೆ, ಸಿಗದ ಶಾಲೆಯಾದರೆ ನಾಲ್ಕರಲ್ಲಿ ಇದೇ ಹೆಚ್ಚು ಖರ್ಚಿನದು. ಕೈ ಬಿಗಿಯಾಗಿರುವ ಕುಟುಂಬಕ್ಕೆ ಡಿವಿಸಿ ಅಥವಾ ಶಾಲೆಯ ಗಣಕ ಕೊಠಡಿಯಲ್ಲೇ ಮುಗಿಯುವ ಡಿಜಿಟಲ್ ಟೆಕ್ನಾಲಜೀಸ್ ಸರಿಹೊಂದುತ್ತದೆ.

ಫಾರಂ ತುಂಬುವ ಮೊದಲು

2025ರ ಆಗಸ್ಟ್‌ನಲ್ಲಿ ಸರ್ಕಾರವು ಎನ್‌ಸಿಇಎಯನ್ನು ಹಂತಹಂತವಾಗಿ ಕೈಬಿಟ್ಟು ಬೇರೆ ಅರ್ಹತಾ ಪತ್ರಗಳನ್ನು ತರುವ ಪ್ರಸ್ತಾವವನ್ನು ಪ್ರಕಟಿಸಿತು. ಅದರ ಕಾಲಪಟ್ಟಿಯಂತೆ ಬದಲಾವಣೆ 2028ರಿಂದ ಆರಂಭವಾಗಬೇಕು. ಈಗ ಹಿರಿಯ ತರಗತಿಗಳಲ್ಲಿರುವವರಿಗೆ ಮೇಲಿನ ಕ್ರೆಡಿಟ್ ಲೆಕ್ಕ ಅನ್ವಯಿಸುತ್ತದೆ. ಚಿಕ್ಕ ತರಗತಿಗಳ ಮಕ್ಕಳ ಪೋಷಕರು ಕ್ರೆಡಿಟ್‌ಗಳ ವಿವರಕ್ಕಿಂತ ವಿಷಯಗಳ ಸ್ವಭಾವವನ್ನು ಗಮನದಲ್ಲಿಟ್ಟುಕೊಂಡು, ಲೆಕ್ಕವನ್ನು ಶಾಲೆಯಿಂದ ಆಯಾ ವರ್ಷ ತಿಳಿದುಕೊಳ್ಳಲಿ.

ವಿಷಯದ ಶಿಕ್ಷಕರನ್ನು ಭೇಟಿಯಾದಾಗ, ಮುಂದಿನ ವರ್ಷ ಯಾವ ಯಾವ ಸ್ಟ್ಯಾಂಡರ್ಡ್‌ಗಳನ್ನು ಮಾಡಿಸುತ್ತಾರೆ, ಒಟ್ಟು ಎಷ್ಟು ಕ್ರೆಡಿಟ್, ಅವುಗಳಲ್ಲಿ ಎಕ್ಸ್‌ಟರ್ನಲ್ ಎಷ್ಟು, ಹಿಂದಿನ ಹಂತವನ್ನು ಓದದವರನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಿ. ಚಿಕ್ಕ ಶಾಲೆಗಳಲ್ಲಿ ಇಯರ್ 12 ಮತ್ತು 13ನ್ನು ಒಂದೇ ತರಗತಿಯಲ್ಲಿ ಕೂರಿಸುವುದೂ ಉಂಟು. ಹಾಗಿದ್ದರೆ ಶಿಕ್ಷಕರ ಗಮನ ಹಂಚಿಹೋಗುತ್ತದೆ, ಸ್ವಂತವಾಗಿ ಕೆಲಸ ಮಾಡಬಲ್ಲ ಮಗುವಿಗೆ ಮಾತ್ರ ಅದು ತೊಂದರೆಯಾಗದು. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ವರ್ಷದ ಅಚೀವ್ಡ್, ಮೆರಿಟ್ ಮತ್ತು ಎಕ್ಸಲೆನ್ಸ್ ದರ್ಜೆಯ ಒಂದೊಂದು ಪೋರ್ಟ್‌ಫೋಲಿಯೊವನ್ನು ಪಕ್ಕಪಕ್ಕದಲ್ಲಿ ತೋರಿಸಲು ಹೇಳಿ, ಮಗುವಿನ ಕೈಗೇ ಕೊಟ್ಟು ನಿಧಾನವಾಗಿ ನೋಡಲು ಬಿಡಿ. ಹಾಳೆಗಳನ್ನು ತಿರುವುತ್ತಾ ಪ್ರಶ್ನೆ ಕೇಳುವ ಮಗು ಆ ವಿಷಯಕ್ಕೆ ಸಿದ್ಧವಾಗಿದೆ. ಬೇಗ ಮುಚ್ಚಿಟ್ಟರೆ ಆ ಸಾಲಿನಲ್ಲಿ ಬೇರೆ ವಿಷಯ ಬರೆಯಿರಿ.

ಆಯ್ಕೆಯನ್ನು ಬದಲಿಸಬೇಕೆನಿಸಿದರೆ ಹೊಸ ವರ್ಷದ ಮೊದಲ ಟರ್ಮಿನ ಆರಂಭದ ವಾರಗಳಲ್ಲೇ ಡೀನ್, ಅಂದರೆ ಆ ವರ್ಷದ ವಿದ್ಯಾರ್ಥಿಗಳ ಉಸ್ತುವಾರಿ ಶಿಕ್ಷಕರೊಂದಿಗೆ ಮಾತನಾಡಿ. ಡಿವಿಸಿಯಿಂದ ಹೊರಬರುವುದು ಸುಲಭ. ತಡವಾಗಿ ಒಳಬರುವ ಮಗು ಮಾತ್ರ ಐಸೊಮೆಟ್ರಿಕ್, ಪರ್ಸ್‌ಪೆಕ್ಟಿವ್ ಮತ್ತು ಥರ್ಡ್ ಆ್ಯಂಗಲ್ ನಕ್ಷೆಗಳನ್ನು ಮನೆಯಲ್ಲಿ ಕೂತು ಅಭ್ಯಾಸ ಮಾಡಿ ಸರಿದೂಗಿಸಿಕೊಳ್ಳಬೇಕಾಗುತ್ತದೆ. ಬೇಸಿಗೆ ರಜೆಯಲ್ಲಿ ದಿನಕ್ಕೆ ಅರ್ಧ ಗಂಟೆ, ಮನೆಯ ಒಂದೊಂದು ವಸ್ತುವನ್ನು ಅಳೆದು ಮೂರು ನೋಟಗಳಲ್ಲಿ ಎಳೆಯುವುದರಿಂದ ಶುರುಮಾಡಬಹುದು.